ಕಳಚಿಡುವ ಡಿಸ್ಕೇ ಮನೆಗೆ ಸರಿ

ಸಾಗರದ ಸುತ್ತಮುತ್ತಲಿನ ಮನೆ, ಡಿಟಿಪಿ ಅಂಗಡಿ, ಸಣ್ಣ ಸಹಕಾರಿ ಸಂಘಗಳ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಮನೆಗೊಂದು ಹೊಸ ಕಂಪ್ಯೂಟರ್ ಜೋಡಿಸಿಕೊಡಿ ಎಂದು ಬಂದವರು ಮೊದಲು ಕೇಳುವುದು, ‘ಹಾರ್ಡ್‌ಡಿಸ್ಕ್ ಎಷ್ಟು ಹಾಕ್ತೀರಿ? ಒಂದು ಟಿಬಿ ಸಾಕಾ, ಎರಡು ಬೇಕಾ?’ ಬಹಳ ಕಾಲದಿಂದ ನನ್ನ ಉತ್ತರ ಒಂದೇ. ಒಳಗೆ ವಿಂಡೋಸ್ ಮತ್ತು ತಂತ್ರಾಂಶ ಹಿಡಿಯುವಷ್ಟು ಸಣ್ಣ ಎಸ್‌ಎಸ್‌ಡಿ ಸಾಕು. ದೊಡ್ಡ ಹಾರ್ಡ್‌ಡಿಸ್ಕಿಗೆ ಹಾಕುವ ದುಡ್ಡಿನಲ್ಲಿ ಹೊರಗಿನಿಂದ ಚುಚ್ಚಿ, ಕೆಲಸ ಮುಗಿದ ಮೇಲೆ ಕಳಚಿಡುವ ಎರಡು ಡ್ರೈವ್ ಕೊಳ್ಳಿ. ಫೋಟೊ, ಪಹಣಿ, ತೋಟದ ಲೆಕ್ಕ, ಹಾಡು, ಮದುವೆ ವಿಡಿಯೊ ಎಲ್ಲ ಅವುಗಳಲ್ಲಿರಲಿ. ಹೀಗೇಕೆ ಹೇಳುತ್ತೇನೆ, ಹಾಗೆ ಮಾಡುವಾಗ ಜನ ಎಲ್ಲೆಲ್ಲಿ ಎಡವುತ್ತಾರೆ ಎಂಬುದು ಕೆಳಗಿದೆ.

1. ಸಿಡಿಲು ಬರುವುದು ತಂತಿಯ ಮೇಲೆ

ಮಲೆನಾಡಿನಲ್ಲಿ ಕಂಪ್ಯೂಟರುಗಳು ಹೆಚ್ಚು ಸಾಯುವುದು ಜಡಿಮಳೆಯ ಜುಲೈನಲ್ಲಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ಗುಡುಗು ಸಿಡಿಲಿನ ಮಳೆ ಬರುತ್ತದಲ್ಲ, ಆಗ. ಮತ್ತೆ ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ. ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ದೂರದಲ್ಲಿ ಎಲ್ಲೋ ಬಿದ್ದರೂ ಕರೆಂಟಿನ ಲೈನಿನಲ್ಲಿ, ತೋಟದ ಮೇಲೆ ಹಾದು ಬರುವ ಟೆಲಿಫೋನ್ ತಂತಿಯಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ ಮನೆಯೊಳಗೆ ನುಗ್ಗುತ್ತದೆ. ಗುಡುಗು ಕೇಳಿದ ಕೂಡಲೇ ಟಿವಿಯ ಪ್ಲಗ್ ಕೀಳುವವರು ಫೋನಿನ ವೈರನ್ನು ಮರೆಯುತ್ತಾರೆ. ಆ ವೈರಿನಿಂದ ಮೋಡೆಮ್ಮಿಗೆ, ಅಲ್ಲಿಂದ ಲ್ಯಾನ್ ಕೇಬಲ್ಲಿನಲ್ಲಿ ಮದರ್‌ಬೋರ್ಡಿಗೆ. ಫೈಬರ್ ಬಂದ ಮನೆಗಳಲ್ಲಿ ಈ ದಾರಿ ಬಹುಪಾಲು ಮುಚ್ಚಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಫೈಬರ್ ಡಬ್ಬಿಯ ಅಡಾಪ್ಟರ್ ಚುಚ್ಚಿರುವುದು ಅದೇ ಕರೆಂಟಿನ ಲೈನಿಗೆ. ‘ಯುಪಿಎಸ್ ಇದೆಯಲ್ಲ’ ಎನ್ನುತ್ತಾರೆ. ಮನೆಯಲ್ಲಿಡುವ ಯುಪಿಎಸ್ ಕರೆಂಟ್ ಹೋದಾಗ ಹತ್ತು ನಿಮಿಷ ತಳ್ಳುವುದಕ್ಕೆ ಸರಿ. ಸಿಡಿಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಹೀಗೆ ಹೋದ ಸಿಪಿಯು ನನ್ನ ಮೇಜಿಗೆ ಬಂದಾಗ ಪಕ್ಕದ ತಗಡು ಬಿಚ್ಚುವ ಮೊದಲೇ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಲ್ಯಾನ್ ಪೋರ್ಟಿನ ಹಿಂದೆ ಮಸಿ ಹಿಡಿದಿರುತ್ತದೆ. ಹಾರ್ಡ್‌ಡಿಸ್ಕನ್ನು ಬಿಚ್ಚಿ ತಿರುಗಿಸಿ ಅದರ ಬೋರ್ಡ್ ನೋಡುತ್ತೇನೆ. ಕರೆಂಟ್ ಒಳಬರುವ ಕನೆಕ್ಟರಿನ ಪಕ್ಕದಲ್ಲಿ ಎರಡು ಕರಿಯ ಬಿಡಿಭಾಗಗಳಿರುತ್ತವೆ, ಒಂದು 5 ವೋಲ್ಟಿನ ದಾರಿಗೆ, ಇನ್ನೊಂದು 12 ವೋಲ್ಟಿನ ದಾರಿಗೆ. ಟಿವಿಎಸ್ ಡಯೋಡ್ ಎಂದು ಹೆಸರು. ವೋಲ್ಟೇಜ್ ಮಿತಿ ಮೀರಿದರೆ ಇವು ತಾವು ಶಾರ್ಟ್ ಆಗಿ ಉಳಿದ ಬೋರ್ಡನ್ನು ಕಾಯುತ್ತವೆ. ಮಲ್ಟಿಮೀಟರ್ ಇಟ್ಟಾಗ ಬೀಪ್ ಬಂದರೆ ನನಗೆ ಸಮಾಧಾನ, ಏಕೆಂದರೆ ಆ ಡಯೋಡನ್ನು ಕಿತ್ತ ಮೇಲೆ ಡಿಸ್ಕ್ ತಿರುಗಿ ಡಾಟಾ ಕೈಗೆ ಸಿಕ್ಕ ಉದಾಹರಣೆಗಳಿವೆ. ಆದರೆ ಸಿಡಿಲು ಅಷ್ಟಕ್ಕೇ ನಿಲ್ಲುವುದು ಕಡಿಮೆ. ಮೋಟಾರ್ ನಡೆಸುವ ಚಿಪ್ಪೂ ಸುಟ್ಟಿರುತ್ತದೆ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಬೋರ್ಡ್ ತೆಗೆದು ಹಾಕಿದರೆ ಆಯಿತು ಎಂದು ನಂಬಿದವರು ಬಹಳ ಮಂದಿ. ಈಗಿನ ಡಿಸ್ಕುಗಳಲ್ಲಿ ಅದು ನಡೆಯುವುದಿಲ್ಲ. ಆ ಒಂದು ಡಿಸ್ಕಿನ ಹೆಡ್ಡುಗಳಿಗೇ ಹೊಂದಿಸಿದ ಮಾಹಿತಿ ಅದರ ಬೋರ್ಡಿನಲ್ಲಿ, ಸಾಮಾನ್ಯವಾಗಿ ಎಂಟು ಕಾಲಿನ ಒಂದು ಪುಟ್ಟ ಚಿಪ್ಪಿನಲ್ಲಿ ಇರುತ್ತದೆ. ಅದನ್ನೂ ಬಿಡಿಸಿ ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಡಾಟಾ ರಿಕವರಿ ಮಾಡುವವರ ಬಳಿಗೆ ಬೆಂಗಳೂರಿಗೆ ಹೋಗಬೇಕು. ಅಲ್ಲಿಯ ಬಿಲ್ಲು ಹೊಸ ಕಂಪ್ಯೂಟರಿನ ಬೆಲೆಯನ್ನು ದಾಟಬಹುದು.

ಯಾವ ತಂತಿಗೂ ತಾಗದೆ ಕಪಾಟಿನಲ್ಲಿರುವ ಡ್ರೈವಿಗೆ ಈ ಗಂಡಾಂತರವೇ ಇಲ್ಲ. ನನ್ನ ವಾದದ ಬುಡ ಇಲ್ಲಿದೆ.

2. ಇದು ಹೊಸ ಪದ್ಧತಿಯೇನಲ್ಲ

ಡಿಟಿಪಿ ಅಂಗಡಿಯವರು ತೊಂಬತ್ತರ ದಶಕದಿಂದಲೂ ಹೀಗೇ ಬದುಕಿದವರು. 1.44 ಎಂಬಿಯ ಫ್ಲಾಪಿಯಲ್ಲಿ ಒಂದು ಲಗ್ನಪತ್ರಿಕೆ ಹಿಡಿಯುತ್ತಿತ್ತು, ಚಿತ್ರವಿರುವ ಪುಸ್ತಕ ಹಿಡಿಯುತ್ತಿರಲಿಲ್ಲ. 100 ಎಂಬಿಯ ಜಿಪ್ ಡಿಸ್ಕ್ ಬಂದಾಗ ಪುಟಗಳನ್ನು ಫಿಲ್ಮ್ ಮಾಡಿಸಲು ಊರಿಂದೂರಿಗೆ ಒಯ್ಯುವುದು ಹಗುರವಾಯಿತು. ಆಮೇಲೆ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಮೊಬೈಲ್ ರ‍್ಯಾಕ್ ಸಿಗತೊಡಗಿತು: ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಕೂರುವ ಚೌಕಟ್ಟು, ಅದರೊಳಗೆ ಹಿಡಿಕೆ ಇರುವ ಖಾನೆ, ಖಾನೆಯಲ್ಲಿ ಮಾಮೂಲಿ ಹಾರ್ಡ್‌ಡಿಸ್ಕ್, ಮೇಲೊಂದು ಬೀಗದ ಕೈ. ಕಂಪ್ಯೂಟರ್ ಆಫ್ ಮಾಡಿ ಖಾನೆ ಎಳೆದು ರಾತ್ರಿ ಮನೆಗೆ ಒಯ್ಯುತ್ತಿದ್ದರು. ಯುಎಸ್‌ಬಿ 2.0 ಬಂದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್ ಎಂಬ ಲೆಕ್ಕ, 2008ರ ಯುಎಸ್‌ಬಿ 3.0ರಲ್ಲಿ ಅದು 5 ಗಿಗಾಬಿಟ್. ತಿರುಗುವ ಡಿಸ್ಕಿನ ಮಟ್ಟಿಗೆ ಒಳಗಿರುವುದಕ್ಕೂ ಹೊರಗಿರುವುದಕ್ಕೂ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಅಂದಿಗೇ ಮುಗಿಯಿತು. ‘ಹೊರಗಿಟ್ಟರೆ ಸ್ಲೋ’ ಎಂಬ ಮಾತು ಮಾತ್ರ ಇನ್ನೂ ಓಡಾಡುತ್ತಿದೆ.

3. ಕೊಳ್ಳುವಾಗ ಬೀಳುವ ಭಯ ಮೊದಲು ನೋಡಿ

ಕಳಚಿಡುವ ವಸ್ತು ಕೈಯಿಂದ ಜಾರುತ್ತದೆ. ಈ ಪದ್ಧತಿಯ ದೊಡ್ಡ ದೌರ್ಬಲ್ಯ ಇದೇ, ಅದನ್ನು ಮುಚ್ಚಿಡಬಾರದು. ತಿರುಗುವ ಡಿಸ್ಕಿನ ಮೇಲೆ ಓದುವ ಹೆಡ್ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವಾಗ ಮೇಜಿನಿಂದ ಬಿದ್ದರೆ ಹೆಡ್ ತಟ್ಟೆಗೆ ತಾಗಿ ಗೀರುತ್ತದೆ. ಮಕ್ಕಳು ಓಡಾಡುವ ಮನೆಗೆ, ಕೇಬಲ್ ಕಾಲಿಗೆ ಸಿಗುವ ಜಾಗಕ್ಕೆ ನಾನು ಪೋರ್ಟಬಲ್ ಎಸ್‌ಎಸ್‌ಡಿಯನ್ನೇ ಹೇಳುತ್ತೇನೆ. ಅದರಲ್ಲಿ ತಿರುಗುವ ಭಾಗವಿಲ್ಲ. ಬೆಲೆ ಹೆಚ್ಚು, ಆದರೆ ಬಿದ್ದರೂ ಸಾಮಾನ್ಯವಾಗಿ ಬದುಕುತ್ತದೆ.

ಹಾಗಾದರೆ ಎರಡೂ ಎಸ್‌ಎಸ್‌ಡಿ ಇರಲೇ? ಬೇಡ. ಎಸ್‌ಎಸ್‌ಡಿಯೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಮಾಹಿತಿ ನಿಲ್ಲುವುದು ಪುಟ್ಟ ಕೋಶಗಳೊಳಗೆ ಸಿಕ್ಕಿಸಿಟ್ಟ ವಿದ್ಯುತ್ ಆವೇಶದಲ್ಲಿ. ತೊಷಿಬಾದಲ್ಲಿದ್ದ ಫುಜಿಯೊ ಮಸುವೊಕ ಎಂಬತ್ತರ ದಶಕದಲ್ಲಿ ಕೊಟ್ಟ ಈ ವಿದ್ಯೆ ಜಗತ್ತನ್ನೇ ಬದಲಿಸಿತು. ಆದರೆ ಆ ಆವೇಶ ನಿಧಾನವಾಗಿ ಸೋರುತ್ತದೆ, ಕಾವಿದ್ದಷ್ಟೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಉದ್ಯಮದವರೇ ಒಪ್ಪಿದ ಮಾನದಂಡ ನೋಡಿ: ಬರೆಯುವ ಆಯುಷ್ಯ ಪೂರ್ತಿ ಮುಗಿದ ಡ್ರೈವ್ ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಡಬೇಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ಹೆದರಬೇಕಾಗಿಲ್ಲ. ಆದರೂ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮಲಗುವ ಪ್ರತಿಗೆ ತಿರುಗುವ ಹಾರ್ಡ್‌ಡಿಸ್ಕೇ ವಾಸಿ. ದಿನಬಳಕೆಗೆ ಎಸ್‌ಎಸ್‌ಡಿ, ಕಾದಿಡಲು ಪೋರ್ಟಬಲ್ ಹಾರ್ಡ್‌ಡಿಸ್ಕ್. ಇದು ನಾನು ಎಲ್ಲರಿಗೂ ಹೇಳುವ ಜೋಡಿ.

ಅಗ್ಗದ ಪೋರ್ಟಬಲ್ ಹಾರ್ಡ್‌ಡಿಸ್ಕುಗಳ ಒಂದು ಗುಣ ತಿಳಿದಿರಲಿ. ಹೆಚ್ಚು ಡಾಟಾ ತುರುಕಲು ಅವುಗಳಲ್ಲಿ ಸಾಲುಗಳನ್ನು ಹೆಂಚು ಹೊದೆಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಬರೆದಿರುತ್ತಾರೆ. ನಡುವಿನ ಒಂದು ಹೆಂಚು ಬದಲಿಸಲು ಸುತ್ತಲಿನವನ್ನೂ ಎತ್ತಬೇಕಲ್ಲ, ಇಲ್ಲಿಯೂ ಹಾಗೆಯೇ. ಐವತ್ತು ಜಿಬಿ ಒಂದೇ ಏಟಿಗೆ ಸುರಿದರೆ ಶುರುವಿನಲ್ಲಿ ಓಡಿ ಆಮೇಲೆ ತೆವಳುತ್ತದೆ. ಡ್ರೈವ್ ಕೆಟ್ಟಿದೆ ಎಂದು ಗಾಬರಿಯಾಗಿ ನಡುವೆ ಕೀಳಬೇಡಿ. ಬಿಟ್ಟುಬಿಡಿ, ಮುಗಿಸುತ್ತದೆ.

4. ಪೆನ್‌ಡ್ರೈವ್ ಸಾಗಿಸಲು, ಕೂಡಿಡಲು ಅಲ್ಲ

ಒಬ್ಬ ಅಜ್ಜಿ ಅಂಗಡಿಯ ತನಕ ಬಂದು ಸೆರಗಿನ ಗಂಟಿನಿಂದ ಪೆನ್‌ಡ್ರೈವ್ ಬಿಚ್ಚಿ ಮೇಜಿನ ಮೇಲಿಟ್ಟರು. ‘ತಮಾ, ಯನ್ನ ಹಾಡೆಲ್ಲಾ ಇದ್ರಲ್ಲೇ ಇದ್ದು. ಹ್ಯಾಂಗಾರೂ ಮಾಡಿ ತೆಗ್ದುಕೊಡು.’ ಮದುವೆಮನೆಯ ಹಸೆ ಹಾಡು, ಆರತಿ ಹಾಡು, ಮಗಳು ಕೂರಿಸಿ ಹಾಡಿಸಿ ರೆಕಾರ್ಡ್ ಮಾಡಿದ್ದು. ಚುಚ್ಚಿದರೆ ಡ್ರೈವಿನ ಹೆಸರು ಬರುತ್ತಿತ್ತು, ಗಾತ್ರ ಸೊನ್ನೆ ತೋರಿಸುತ್ತಿತ್ತು. ಒಳಗಿನ ಕಂಟ್ರೋಲರ್ ಹೋಗಿತ್ತು. ಸಣ್ಣ ಪೆನ್‌ಡ್ರೈವ್‌ಗಳಲ್ಲಿ ಮೆಮೊರಿ, ಕಂಟ್ರೋಲರ್ ಎರಡನ್ನೂ ಒಂದೇ ತುಂಡಿನಲ್ಲಿ ಎರಕ ಹೊಯ್ದಿರುತ್ತಾರೆ, ಬಿಡಿಸಿ ಓದುವುದು ನನ್ನಂಥವನ ಮೇಜಿನ ಮೇಲೆ ಆಗುವ ಕೆಲಸವಲ್ಲ. ಮಗಳ ಹಳೆಯ ಮೊಬೈಲ್ ತರಿಸಿ ಹುಡುಕಿದಾಗ ಕೆಲವು ಹಾಡು ಸಿಕ್ಕವು. ಉಳಿದವು ಹೋದವು.

ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡುಗಳಿಗೆ ಹೋಗುವ ಫ್ಲ್ಯಾಶ್ ಸಾಮಾನ್ಯವಾಗಿ ಅಗ್ಗದ ದರ್ಜೆಯದು. ಒಂದೊಂದು ಕೋಶದಲ್ಲಿ ಮೂರು ನಾಲ್ಕು ಬಿಟ್ ತುಂಬಿರುತ್ತಾರೆ, ತಪ್ಪು ಸರಿಪಡಿಸುವ ಕಂಟ್ರೋಲರ್ ಎಸ್‌ಎಸ್‌ಡಿಯದರಷ್ಟು ಗಟ್ಟಿಯಲ್ಲ. ಇನ್ನೊಂದು ವಿಷಯ, ವಿಂಡೋಸಿನಲ್ಲಿ ಪೆನ್‌ಡ್ರೈವಿನಿಂದ ಅಳಿಸಿದ್ದು ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ. ಅಳಿಸಿದರೆ ಅಳಿಸಿದಂತೆಯೇ.

ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ‘2 ಟಿಬಿ ಪೆನ್‌ಡ್ರೈವ್’ ತರಿಸಿಕೊಂಡು ಬರುವವರೂ ಇದ್ದಾರೆ. ಅದು ಮೋಸ. ಒಳಗೆ ಇರುವುದು ಸಣ್ಣ ಚಿಪ್, ಕಂಟ್ರೋಲರ್ ಮಾತ್ರ 2 ಟಿಬಿ ಎಂದು ಸುಳ್ಳು ಹೇಳುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಹಳೆಯದರ ಮೇಲೆಯೇ ಕೂರುತ್ತದೆ ಅಥವಾ ಮಾಯವಾಗುತ್ತದೆ. ಫೈಲಿನ ಹೆಸರುಗಳೆಲ್ಲ ಕಾಣುತ್ತವೆ, ತೆರೆದರೆ ಒಳಗೆ ಏನೂ ಇಲ್ಲ. ಯಾವ ಹೊಸ ಡ್ರೈವ್ ತಂದರೂ ‘ಎಚ್2ಟೆಸ್ಟ್‌ಡಬ್ಲ್ಯು’ ಎಂಬ ಉಚಿತ ತಂತ್ರಾಂಶ ಓಡಿಸಿ. ಅದು ಡ್ರೈವನ್ನು ಪೂರ್ತಿ ತುಂಬಿಸಿ ಮರಳಿ ಓದಿ ನೋಡುತ್ತದೆ. ರಾತ್ರಿಯಿಡೀ ಹಿಡಿಯಬಹುದು, ಹಿಡಿಯಲಿ. ಅಂದಹಾಗೆ 1 ಟಿಬಿ ಡ್ರೈವ್ ವಿಂಡೋಸಿನಲ್ಲಿ 931 ಜಿಬಿ ಎಂದು ತೋರಿಸಿದರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

5. ಟಿಕ್ ಟಿಕ್ ಎಂದರೆ ಮೊದಲು ಪೋರ್ಟ್ ಬದಲಿಸಿ

ಎರಡೂವರೆ ಇಂಚಿನ ಪೋರ್ಟಬಲ್ ಹಾರ್ಡ್‌ಡಿಸ್ಕ್ ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುತ್ತದೆ. ಹಳೆಯ ಪೋರ್ಟ್ ಕೊಡಲೊಪ್ಪುವುದು 500 ಮಿಲಿಆಂಪ್, ಯುಎಸ್‌ಬಿ 3.0 ಪೋರ್ಟ್ 900. ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟಿಗೆ ಒಳಗಿನಿಂದ ಸಪೂರ ವೈರ್ ಬಂದಿರುತ್ತದೆ, ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಡಿಸ್ಕ್ ತಿರುಗಲು ಹೊರಟು, ನಿಂತು, ಮತ್ತೆ ಹೊರಡುತ್ತದೆ. ಆ ಸದ್ದು ಕೇಳಿ ಡಿಸ್ಕ್ ಹೋಯಿತೆಂದು ತಂದುಕೊಟ್ಟವುಗಳಲ್ಲಿ ಎಷ್ಟೋ ಹಿಂಭಾಗದ ಪೋರ್ಟಿಗೆ ಚುಚ್ಚಿದೊಡನೆ ಸರಿಯಾಗಿವೆ. ಕೇಬಲ್ಲನ್ನೂ ಬದಲಿಸಿ ನೋಡಿ, ಚಪ್ಪಟೆಯಾದ ಅಗಲ ಬಾಯಿಯ ಹಳೆಯ ಕೇಬಲ್ ಬೇಗ ಸಡಿಲವಾಗುತ್ತದೆ. ಡ್ರೈವ್ ಚುಚ್ಚಿದ ಮೇಲೆ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸಿನ ರಿಸೀವರನ್ನು ದೂರದ ಪೋರ್ಟಿಗೆ ಹಾಕಿ. ಯುಎಸ್‌ಬಿ 3.0ರ ಗದ್ದಲ 2.4 ಗಿಗಾಹರ್ಟ್ಸ್ ತರಂಗಕ್ಕೆ ಅಡ್ಡ ಬರುತ್ತದೆ.

6. ‘ಕೇಸ್ ಬಿಚ್ಚಿ ಒಳಗಿನ ಡಿಸ್ಕ್ ತೆಗೆದರಾಯಿತು’ ಎಂದು ನಂಬಬೇಡಿ

ಮೊದಲೆಲ್ಲ ಹೊರ ಕವಚ ಬಿಚ್ಚಿದರೆ ಒಳಗೆ ಮಾಮೂಲಿ ಸಾಟಾ ಡಿಸ್ಕ್ ಇರುತ್ತಿತ್ತು, ನೇರವಾಗಿ ಕಂಪ್ಯೂಟರಿಗೆ ಹಚ್ಚಿ ಡಾಟಾ ಇಳಿಸಬಹುದಿತ್ತು. ಈಗಿನ ಎಷ್ಟೋ ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಸಾಟಾ ಕನೆಕ್ಟರೇ ಇಲ್ಲ. ಕೆಲವದರಲ್ಲಿ ನೀವು ಪಾಸ್‌ವರ್ಡ್ ಹಾಕದಿದ್ದರೂ ಬೋರ್ಡ್ ತಾನೇ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಬೋರ್ಡ್ ಹೋದರೆ ಡಿಸ್ಕ್ ಗಟ್ಟಿಯಿದ್ದೂ ಪ್ರಯೋಜನವಿಲ್ಲ. ಖಾಲಿ ಕೇಸ್ ಮತ್ತು ಸಾಟಾ ಡಿಸ್ಕ್ ಬೇರೆ ಬೇರೆ ಕೊಂಡು ಜೋಡಿಸಿಕೊಂಡವರಿಗೆ ಈ ಕಷ್ಟ ಬಹುತೇಕ ಇಲ್ಲ. ನನ್ನ ಮನೆಯಲ್ಲಿರುವುದು ಅಂಥದೇ.

7. ಇಡೀ ರಾತ್ರಿಯ ಆಟ ಮತ್ತು 4 ಜಿಬಿ ಗೋಡೆ

ಯಕ್ಷಗಾನದ ವಿಡಿಯೊ ಪೆನ್‌ಡ್ರೈವಿಗೆ ಹಾಕಲು ಹೋದವರು, ಜಾಗ ಧಾರಾಳ ಇದ್ದರೂ ‘ಫೈಲ್ ದೊಡ್ಡದಾಯಿತು’ ಎನ್ನುತ್ತದೆ ಎಂದು ಫೋನ್ ಮಾಡುತ್ತಾರೆ. ಎಫ್‌ಎಟಿ32 ಎಂಬ ಹಳೆಯ ವಿನ್ಯಾಸದಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆ ಗೋಡೆ ಇಲ್ಲ, ವಿಂಡೋಸ್, ಮ್ಯಾಕ್, ಈಗಿನ ಲಿನಕ್ಸ್ ಎಲ್ಲವೂ ಓದುತ್ತವೆ. ಆದರೆ ಹಳೆಯ ಟಿವಿ, ಕಾರಿನ ಸ್ಟೀರಿಯೊಗಳಿಗೆ ಎಫ್‌ಎಟಿ32 ಬಿಟ್ಟರೆ ಬೇರೆ ತಿಳಿಯದು. ಸದಾ ವಿಂಡೋಸಿಗೇ ಹಚ್ಚುವ ಡ್ರೈವಾದರೆ ಎನ್‌ಟಿಎಫ್‌ಎಸ್ ಮಾಡಿ. ಬರೆಯುವ ನಡುವೆ ಕರೆಂಟ್ ಹೋದಾಗ ಎಕ್ಸ್‌ಫ್ಯಾಟ್‌ಗಿಂತ ಅದು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ನಮ್ಮ ಕಡೆ ಕರೆಂಟ್ ಹೋಗುವುದು ವಿಶೇಷವಲ್ಲವಾದ್ದರಿಂದ ನನಗೆ ಇದೇ ಮುಖ್ಯ.

8. ಡ್ರೈವಿಗೆ ಒಂದು ಸ್ಥಿರ ಅಕ್ಷರ ಕೊಡಿ

ನಿನ್ನೆ ‘ಇ’ ಡ್ರೈವ್ ಆಗಿದ್ದದ್ದು ಇವತ್ತು ‘ಎಫ್’ ಆಗುತ್ತದೆ, ಲೆಕ್ಕದ ತಂತ್ರಾಂಶ ತೆರೆದರೆ ಬರೆದಿಟ್ಟ ಲೆಕ್ಕವೇ ಕಾಣುವುದಿಲ್ಲ. ಡಾಟಾ ಎಲ್ಲೂ ಹೋಗಿರುವುದಿಲ್ಲ, ವಿಳಾಸ ಬದಲಾಗಿರುತ್ತದೆ ಅಷ್ಟೆ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ ಡ್ರೈವಿಗೆ ‘ಪಿ’ ಅಥವಾ ‘ಆರ್’ನಂಥ ಕೊನೆಯ ಕಡೆಯ ಅಕ್ಷರ ಕೊಟ್ಟರೆ ಆ ಕಂಪ್ಯೂಟರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಇಷ್ಟಾದರೂ ದಿನದ ಲೆಕ್ಕ ಬರೆಯುವಾಗ ಡಾಟಾ ಒಳಗಿನ ಎಸ್‌ಎಸ್‌ಡಿಯಲ್ಲಿದ್ದು, ಸಂಜೆ ಅದರ ಬ್ಯಾಕಪ್ ಹೊರಗಿನದಕ್ಕೆ ಹೋಗುವುದೇ ಕ್ಷೇಮ. ಬರೆಯುತ್ತಿರುವಾಗ ಕೇಬಲ್ ಅಲುಗಿದರೆ ಲೆಕ್ಕದ ಫೈಲ್ ಮುರಿಯುತ್ತದೆ.

9. ಹೇಳಿ ಕಳಚಿ

2018ರ ವಿಂಡೋಸ್ 10ರ ಪರಿಷ್ಕರಣೆಯ ನಂತರ ಹೊರಗಿನ ಡ್ರೈವ್‌ಗಳಿಗೆ ‘ಕ್ವಿಕ್ ರಿಮೂವಲ್’ ಎಂಬುದು ತಾನಾಗಿಯೇ ಇರುತ್ತದೆ. ಅದನ್ನು ಓದಿಕೊಂಡು ‘ಇನ್ನು ಇಜೆಕ್ಟ್ ಬೇಡ’ ಎಂದವರಿದ್ದಾರೆ. ತಿರುಗುವ ಡಿಸ್ಕಿಗೆ ಇಜೆಕ್ಟ್ ಬೇಕೇ ಬೇಕು. ಕರೆಂಟ್ ಫಕ್ಕನೆ ತಪ್ಪಿದಾಗ ಹೆಡ್ ತುರ್ತಾಗಿ ಹಿಂದೆ ಸರಿಯಬೇಕಾಗುತ್ತದೆ, ಪದೇ ಪದೇ ಹಾಗೆ ಮಾಡಿದರೆ ಸವೆಯುತ್ತದೆ. ಇಜೆಕ್ಟ್ ಒತ್ತಿ, ತಿರುಗುವುದು ನಿಂತದ್ದು ಕೈಗೆ ಗೊತ್ತಾದ ಮೇಲೆ ಎತ್ತಿ.

10. ಚುಚ್ಚಿಯೇ ಇಟ್ಟರೆ ಕಳಚುವ ಡ್ರೈವ್ ಕೊಂಡು ಲಾಭವಿಲ್ಲ

2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ಜಗತ್ತಿನ ತುಂಬ ಆದಾಗ, ಬ್ರಿಟನ್ನಿನ ಆಸ್ಪತ್ರೆಗಳೇ ನಿಂತುಹೋದಾಗ, ಹಣ ಕೇಳುವ ವೈರಸ್ ಎಂದರೇನೆಂದು ಎಲ್ಲರಿಗೂ ಗೊತ್ತಾಯಿತು. ಮನೆಗಳಿಗೆ ಇಂಥವು ಬರುವುದು ಹೆಚ್ಚಾಗಿ ಪುಕ್ಕಟೆ ಸಿಗುವ ಕ್ರ್ಯಾಕ್ ತಂತ್ರಾಂಶದ ಜೊತೆ. ಪ್ರತಿಯೊಂದು ಫೋಟೊದ ಹೆಸರಿಗೂ ವಿಚಿತ್ರ ಬಾಲ ಅಂಟಿರುತ್ತದೆ, ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳುವ ಒಂದು ಚೀಟಿ ಇರುತ್ತದೆ. ಆ ಹೊತ್ತಿಗೆ ಕಂಪ್ಯೂಟರಿಗೆ ಚುಚ್ಚಿಕೊಂಡಿರುವ ಹೊರಗಿನ ಡ್ರೈವ್ ಕೂಡ ಅದೇ ಗತಿ ಕಾಣುತ್ತದೆ. ಎರಡನೆಯ ಡ್ರೈವ್ ಬೇಕಾದದ್ದು ಇದಕ್ಕೇ. ಒಂದು ಕೆಲಸದಲ್ಲಿರುವಾಗ ಇನ್ನೊಂದು ಪೆಟ್ಟಿಗೆಯಲ್ಲಿರಬೇಕು, ಎರಡನ್ನೂ ಒಂದೇ ಸಲ ಒಂದೇ ಕಂಪ್ಯೂಟರಿಗೆ ಹಚ್ಚಲೇಬಾರದು. ‘ಹಾಗಾದರೆ ಪ್ರತಿ ಮಾಡುವುದು ಹೇಗೆ?’ ಹೊಸದನ್ನು ಮೊದಲು ಒಳಗಿನ ಎಸ್‌ಎಸ್‌ಡಿಗೆ ಇಳಿಸಿ, ಅಲ್ಲಿಂದ ಮೊದಲ ಡ್ರೈವಿಗೆ ಹಾಕಿ ಕಳಚಿ, ಆಮೇಲೆ ಎರಡನೆಯದಕ್ಕೆ. ಎರಡು ಸಲದ ಕೆಲಸ ನಿಜ, ಆದರೆ ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಎರಡನೆಯದು ಬೇರೆ ಸೂರಿನ ಕೆಳಗಿದ್ದರೆ ಇನ್ನೂ ಒಳ್ಳೆಯದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ ಸೂತ್ರವೂ ಅದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ, 2019ರಲ್ಲಿ ಉತ್ತರ ಕರ್ನಾಟಕದ ಹೊಳೆಗಳು ಮನೆ ಹೊಕ್ಕಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ತವರಿನಲ್ಲೋ, ಶಿವಮೊಗ್ಗದಲ್ಲಿರುವ ಮಗನ ಮನೆಯಲ್ಲೋ ಒಂದು ಡ್ರೈವ್ ಇಡಿ. ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಂಡರೆ ಸಾಕು. ಮನೆಯಿಂದಾಚೆ ಹೋಗುವ ಡ್ರೈವಿಗೆ ಆಧಾರ್, ಬ್ಯಾಂಕು ಇತ್ಯಾದಿ ಇದ್ದರೆ ವೆರಾಕ್ರಿಪ್ಟಿನಲ್ಲಿ ಬೀಗ ಹಾಕಿ, ಪಾಸ್‌ವರ್ಡನ್ನು ಮನೆಯ ಇನ್ನೊಬ್ಬರಿಗೆ ಬರೆದುಕೊಡಿ. ಆ ಪಾಸ್‌ವರ್ಡ್ ಮರೆತರೆ ತೆಗೆದುಕೊಡುವವರು ಯಾರೂ ಇಲ್ಲ.

11. ಬೂಷ್ಟು ಹಿಡಿಯುವ ಊರಿನಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೆಲ್ಟಿಗೆ, ಪುಸ್ತಕಕ್ಕೆ ಬೂಷ್ಟು ಬರುತ್ತದೆ. ಹಾರ್ಡ್‌ಡಿಸ್ಕಿನ ಮೈಮೇಲೆ ಸಣ್ಣ ರಂಧ್ರವೊಂದಿದ್ದು, ‘ಇದನ್ನು ಮುಚ್ಚಬೇಡಿ’ ಎಂದು ಬರೆದಿರುತ್ತದೆ. ಒಳಗಿನ ಹೊರಗಿನ ಗಾಳಿಯ ಒತ್ತಡ ಸಮನಾಗಲು ಅದು ಬೇಕು. ಸೋಸುವ ಪದರ ಇದ್ದರೂ ತೇವ ಒಳಗೆ ಹೋಗಬಹುದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಹರಳಿನ ಬಣ್ಣ ತಿರುಗಿದಾಗ ಪೊಟ್ಟಣ ಬದಲಿಸಿ. ಅಟ್ಟದ ಮೇಲೆ ಇಡಬೇಡಿ. ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಕಾವು ಎಸ್‌ಎಸ್‌ಡಿಗೆ ಒಳ್ಳೆಯದಲ್ಲ. ತಿಂಗಳಿಗೊಮ್ಮೆ ಹೊರತೆಗೆದು ಚುಚ್ಚಿ, ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ತೆರೆದು ನೋಡಿ. 05 ಮತ್ತು ಸಿ5 ಎಂಬ ಎರಡು ಸಾಲು ಸೊನ್ನೆ ಇದ್ದರೆ ನೆಮ್ಮದಿ. ಸಿ5ರಲ್ಲಿ ಅಂಕಿ ಏರುತ್ತಿದ್ದರೆ ಡಿಸ್ಕ್ ಓದಲಾಗದ ಜಾಗಗಳನ್ನು ಗುರುತಿಸುತ್ತಿದೆ ಎಂದರ್ಥ. ಅವತ್ತೇ ಎಲ್ಲ ಇಳಿಸಿಕೊಂಡು ಹೊಸದು ತನ್ನಿ.

12. ಫಾಂಟ್ ಇಲ್ಲದ ಕನ್ನಡ ಫೈಲ್ ಅರ್ಧ ಫೈಲ್

ಇದು ಡಿಟಿಪಿ ಅಂಗಡಿಗಳಿಗೆ, ಹಳೆಯ ಲೇಖಕರಿಗೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪಿಸಿದ ಪುಸ್ತಕ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಡ್ರೈವ್ ಚೆನ್ನಾಗಿದೆ, ಫೈಲ್ ಇದೆ, ಆದರೆ ಓದಲಾಗದು. ಪ್ರತಿ ಪುಸ್ತಕದ ಫೋಲ್ಡರಿನೊಳಗೇ ಅದರ ಫಾಂಟ್ ಫೈಲುಗಳನ್ನು ಇಡಿ, ಜೊತೆಗೆ ಪಿಡಿಎಫ್ ಒಂದು ಮಾಡಿ ಇಡಿ. ಸಾಧ್ಯವಾದರೆ ಯೂನಿಕೋಡಿಗೆ ಪರಿವರ್ತಿಸಿದ ಪ್ರತಿಯೂ ಇರಲಿ, ಆದರೆ ಮೂಲವನ್ನು ಅಳಿಸಬೇಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ತಪ್ಪುವುದಿದೆ.

13. ಒಳಗಿನ ಹಾರ್ಡ್‌ಡಿಸ್ಕೇ ಬೇಕಾದ ಕೆಲಸಗಳು

ಸಿಸಿಟಿವಿಯ ಡಬ್ಬಿಗೆ ಹಗಲು ರಾತ್ರಿ ಬರೆಯುವ, ಅದಕ್ಕೆಂದೇ ಮಾಡಿದ ಹಾರ್ಡ್‌ಡಿಸ್ಕ್ ಒಳಗೇ ಇರಬೇಕು. ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಕೆಲಸ ನಡೆಯುವಷ್ಟು ದಿನ ಒಳಗೆ ದೊಡ್ಡ ಜಾಗ ಬೇಕು, ಗಿರಾಕಿಗೆ ಕೊಟ್ಟ ಮೇಲೆ ಹೊರಗಿನ ಡ್ರೈವಿಗೆ ಹೋಗಲಿ. ವಿಂಡೋಸನ್ನೇ ಹೊರಗಿನ ಡ್ರೈವಿನಿಂದ ಓಡಿಸಲು ‘ವಿಂಡೋಸ್ ಟು ಗೋ’ ಎಂಬ ಸೌಲಭ್ಯವಿತ್ತು, 2020ರ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಆ ಆಸೆ ಇರುವವರಿಗೆ ಲಿನಕ್ಸ್ ಇದೆ, ಹೊರಗಿನ ಎಸ್‌ಎಸ್‌ಡಿಯಿಂದ ಚೆನ್ನಾಗಿಯೇ ಓಡುತ್ತದೆ. ಉಳಿದ ಮನೆಗಳಲ್ಲಿ ವಿಂಡೋಸ್ ಒಳಗಿನ ಎಸ್‌ಎಸ್‌ಡಿಯಲ್ಲೇ ಇರಲಿ. ಅದು ಹೋದರೆ ಒಂದು ಮಧ್ಯಾಹ್ನದಲ್ಲಿ ಮತ್ತೆ ಹಾಕಿಕೊಡುತ್ತೇನೆ.